ಆಕಾಶದಲ್ಲಿ ನಲವತ್ತು ಚೀಲ ಉಪ್ಪು

ಹಿರೇಹಡಗಲಿ ಕಡೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರುವವನು ಪಂಪ್‌ಸೆಟ್ ರೈತ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂತೆಂದರೆ ಟಾರ್ಚು, ಸಲಿಕೆ ಹಿಡಿದು ಹೊರಡಲೇಬೇಕು. ಒಂದು ಮಡಿ ತುಂಬಿ ಇನ್ನೊಂದಕ್ಕೆ ನೀರು ತಿರುವುವವರೆಗೆ ಬದುವಿನ ಮೇಲೆ ಕೂತು ಮಾಡುವುದೇನು? ಆಕಾಶ ನೋಡುವುದು. ನಮ್ಮ ದೊಡ್ಡಪ್ಪ ಹೀಗೆ ಕೂತು ಕಂಡ ಉಲ್ಕೆಗಳ ಲೆಕ್ಕ ದೂರದರ್ಶಕ ಇಟ್ಟುಕೊಂಡವರಿಗಿಂತ ಹೆಚ್ಚೇ ಇದ್ದೀತು. ಅದಕ್ಕೆ ಕಾರಣವೂ ಇದೆ. ನಡುರಾತ್ರಿ ದಾಟಿದ ಮೇಲೆ ನಾವಿರುವ ಮಗ್ಗುಲು, ಭೂಮಿ ಸೂರ್ಯನ ಸುತ್ತ ಓಡುವ ದಿಕ್ಕಿಗೆ ಮುಖ ಮಾಡಿರುತ್ತದೆ. ಸಂಜೆ ಬೈಕಿನಲ್ಲಿ ಹೋಗುವಾಗ ಹುಳಗಳೆಲ್ಲ ಎದೆಗೆ, ಮುಖಕ್ಕೆ ಬಡಿಯುತ್ತವೆ, ಬೆನ್ನಿಗೆ ಬಡಿಯುವುದು ಅಪರೂಪ. ಇದೂ ಹಾಗೆಯೇ. ಸಂಜೆ ಎಂಟಕ್ಕೆ ಮಾಳಿಗೆ ಹತ್ತಿ ನೋಡುವ ನಮ್ಮಂಥವರು ಬೆನ್ನ ಕಡೆ ಕೂತವರು.

ಒಂದು ರಾತ್ರಿ ಅವನ ಜೊತೆ ನಾನೂ ಹೋಗಿದ್ದೆ. ಉದ್ದಕ್ಕೆ ಬಿಳಿ ಗೆರೆ ಎಳೆದು ಒಂದು ಚಿಕ್ಕಿ ಜಾರಿತು. ದೊಡ್ಡಪ್ಪ ಬೀಡಿ ಬಾಯಿಂದ ತೆಗೆದು ಕೇಳಿದ: ‘ಇಷ್ಟು ವರ್ಷದಾಗ ಸಾವಿರಾರು ಬಿದ್ದದ್ದು ನೋಡೀನಿ. ಒಂದಾದ್ರೂ ನೆಲಕ್ಕ ಮುಟ್ಟಿದ್ದು ಕಾಣಲಿಲ್ಲ. ಎಲ್ಲಿಗೆ ಹೊಕ್ಕಾವಲೇ ಅವು?’

‘ಮ್ಯಾಲೆ ಸುಟ್ಟು ಹೋಗ್ತಾವು ದೊಡ್ಡಪ್ಪ.’

‘ಸುಟ್ಟರ ಬೂದಿ ಬೀಳಬೇಕಲ್ಲ?’

ಓದಿದವನೆಂಬ ಹಮ್ಮಿನಲ್ಲಿ ಉತ್ತರ ಕೊಟ್ಟಿದ್ದೆ, ಎರಡನೇ ಪ್ರಶ್ನೆಗೆ ಬಾಯಿ ಕಟ್ಟಿತು. ಉಲ್ಕೆ ಉರಿದುಹೋಗುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಉರಿದದ್ದು ಏನಾಯಿತು ಎಂದು ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಬೂದಿಯ ಜಾಡು ಹಿಡಿದು ಹೋದದ್ದೇ ಈ ಬರಹ.

ಬೂದಿ ಇದೆ. ಕೆಳಗೆ ಬರುವುದಕ್ಕೆ ಅದಕ್ಕೆ ಅವಸರವಿಲ್ಲ, ಅಷ್ಟೆ. ಹಿರೇಹಡಗಲಿಯಿಂದ ಹೊಸಪೇಟೆಗೆ ರಸ್ತೆಯಲ್ಲಿ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ದೂರ ನೇರ ಮೇಲಕ್ಕೆ ಹೋದರೆ, ನೆಲದಿಂದ 80ರಿಂದ 110 ಕಿ.ಮೀ. ಎತ್ತರದಲ್ಲಿ, ಇಡೀ ಭೂಮಿಯನ್ನು ಸುತ್ತಿಕೊಂಡು ಲೋಹದ ತೆಳ್ಳನೆಯ ಪೊರೆಗಳಿವೆ. ಸೋಡಿಯಂ, ಕಬ್ಬಿಣ, ಮೆಗ್ನೀಸಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಎಲ್ಲವೂ ಬಿಡಿಬಿಡಿ ಪರಮಾಣುಗಳಾಗಿ. ಇದು ಪ್ರತಿದಿನ ಬಂದು ಬಡಿಯುವ ಹತ್ತಾರು ಟನ್ ಅಂತರಿಕ್ಷದ ಧೂಳಿನ ಕೊಡುಗೆ. ಧೂಳು ಎಂದರೆ ನಿಜಕ್ಕೂ ಧೂಳೇ. ಇದರ ಬಹುಪಾಲು ತೂಕ ಬರುವುದು ಸಣ್ಣ ರವೆಗಿಂತಲೂ ಚಿಕ್ಕದಾದ, ಕಣ್ಣಿಗೆ ಗೆರೆಯಾಗಿಯೂ ಕಾಣದ ಕಣಗಳಿಂದ. ಹೆಚ್ಚಿನವು ಧೂಮಕೇತುಗಳು ಉದುರಿಸಿಹೋದವು. ಅವು ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ಬರುತ್ತವೆ. ಅತಿ ನಿಧಾನದ ಕಣಕ್ಕೂ ಇಲ್ಲಿಂದ ಹೊಸಪೇಟೆ ಮುಟ್ಟಲು ಹತ್ತು ಸೆಕೆಂಡು ಬೇಡ. ಆ ವೇಗಕ್ಕೆ ಗಾಳಿಯ ಅಣುಗಳು ಬಡಿದು ಕಣ ಕಾಯುತ್ತದೆ, ಕರಗುತ್ತದೆ, ಆವಿಯಾಗುತ್ತದೆ.

ಆವಿಯಾಗುವುದರಲ್ಲೂ ಸರದಿ ಇದೆ. ಸೋಡಿಯಂ, ಪೊಟ್ಯಾಸಿಯಂ ಬಿಸಿ ತಾಗುತ್ತಲೇ ಹಾರಿಹೋಗುತ್ತವೆ. ಆಮೇಲೆ ಕಬ್ಬಿಣ, ಮೆಗ್ನೀಸಿಯಂ. ಕ್ಯಾಲ್ಸಿಯಂ, ಅಲ್ಯೂಮಿನಿಯಂ ಮೊಂಡು, ಕಣ ಪೂರಾ ಕಾದು ಬಿಳಿಚಿಕೊಂಡರೂ ಒಂದಷ್ಟು ಬಿಟ್ಟುಹೋಗಲು ಒಪ್ಪುವುದಿಲ್ಲ. ಡಿಸೆಂಬರ್ 13, 14ರ ರಾತ್ರಿ ಸುರಿಯುವ ಜೆಮಿನಿಡ್ ಉಲ್ಕೆಗಳಲ್ಲಿ ಸೋಡಿಯಂ ಕಡಿಮೆ. ಅವುಗಳ ತಾಯಿ ಫೇಥಾನ್ ಎಂಬ ಕ್ಷುದ್ರಗ್ರಹ. ಅದು ಸೂರ್ಯನಿಗೆ ತೀರ ಹತ್ತಿರ ಹೋಗಿ ಬರುವುದರಿಂದ ಅದರ ಸೋಡಿಯಂ ಅಲ್ಲೇ ಹಾರಿಹೋಗುತ್ತದೆ. ಉಪ್ಪು ತವರಲ್ಲೇ ಖರ್ಚಾಯಿತು ಅನ್ನಿ.

ಇಷ್ಟು ಮೇಲಿರುವ ಸೋಡಿಯಂ ಕಂಡದ್ದು ಹೇಗೆ? ಅದಕ್ಕೆ ಮೊದಲು ಅಡುಗೆಮನೆಗೆ ಬನ್ನಿ. ಗ್ಯಾಸ್ ಒಲೆಯ ಮೇಲೆ ಸಾರು ಉಕ್ಕಿ ಬರ್ನರಿಗೆ ಚೆಲ್ಲಿದಾಗ ನೀಲಿ ಉರಿ ತಟಕ್ಕನೆ ಹಳದಿಯಾಗುತ್ತದಲ್ಲ, ಆ ಹಳದಿ ಸಾರಿನಲ್ಲಿರುವ ಉಪ್ಪಿನ ಸೋಡಿಯಮ್ಮಿನದು. ಬಿಸಿಯಿಂದ ಹುರುಪಾದ ಸೋಡಿಯಂ ಪರಮಾಣು ತಣ್ಣಗಾಗುವಾಗ 589 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನೇ ಬಿಡುತ್ತದೆ. ಒಲೆಯಲ್ಲಾಗಲಿ, ರಸ್ತೆಯ ಸೋಡಿಯಂ ದೀಪದಲ್ಲಾಗಲಿ, ನಕ್ಷತ್ರದಲ್ಲಾಗಲಿ ಅದರ ಗುರುತು ಬದಲಾಗದು. 1929ರಲ್ಲಿ ಅಮೆರಿಕದ ಅರಿಜೋನಾದ ಲೋವೆಲ್ ವೀಕ್ಷಣಾಲಯದ ವೆಸ್ಟೊ ಸ್ಲೈಫರ್ ರಾತ್ರಿಯ ಬರೀ ಆಕಾಶದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಅದೇ ಜಾಗದಲ್ಲಿ ಒಂದು ಹಳದಿ ಗೆರೆ ಕಾಣಿಸಿತು.

ಒಂದೇ ಗೆರೆ. ನಮ್ಮ ಪಕ್ಕದ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಭವಿಷ್ಯದ ಒಂದು ಸಾಲು ನುಡಿದು ಧುಮುಕುತ್ತಾನೆ. ಆಮೇಲೆ ಮಳೆ ಬೆಳೆಗೆ ಹೇಳಿದ್ದೋ, ರಾಜಕೀಯಕ್ಕೆ ಹೇಳಿದ್ದೋ ಎಂದು ಹಡಗಲಿ, ಹರಪನಹಳ್ಳಿಯ ಚಹಾದಂಗಡಿಗಳಲ್ಲಿ ತಿಂಗಳುಗಟ್ಟಲೆ ವಾದ. ಸ್ಲೈಫರನ ಸಾಲಿಗೂ ಅದೇ ಗತಿ. ಅದು ಸೋಡಿಯಮ್ಮಿನದೇ ಎಂದು ಒಪ್ಪಲು 1938 ಬರಬೇಕಾಯಿತು. ಸರಿ, ಸೋಡಿಯಮ್ಮೇ. ಸೂರ್ಯನಿಲ್ಲದ ರಾತ್ರಿ ಅದು ಹೊಳೆಯುವುದಾದರೂ ಹೇಗೆ? 1939ರಲ್ಲಿ ಸಿಡ್ನಿ ಚಾಪ್‌ಮನ್ ಕೊಟ್ಟ ಉತ್ತರ ನಮ್ಮ ಕೈಗಡದ ವ್ಯವಹಾರದಂತಿದೆ. ಸೋಡಿಯಂ ಪರಮಾಣು ಓಜೋನಿನಿಂದ ಒಂದು ಆಕ್ಸಿಜನ್ ಕೈಗಡ ತರುತ್ತದೆ. ಸುತ್ತ ಅಲೆಯುತ್ತಿರುವ ಇನ್ನೊಂದು ಒಂಟಿ ಆಕ್ಸಿಜನ್ ಬಂದು ಅದನ್ನು ಕಿತ್ತುಕೊಂಡು ಹೋಗುತ್ತದೆ. ಆ ಎಳೆದಾಟದಲ್ಲಿ ಉಳಿದ ಶಕ್ತಿ ಹಳದಿ ಬೆಳಕಾಗುತ್ತದೆ. ಸೋಡಿಯಂ ಎಂದಿನಂತೆ ಬರಿಗೈ, ಮತ್ತೆ ಕೈಗಡಕ್ಕೆ ಹೊರಡುತ್ತದೆ. ಖರ್ಚಾಗುವುದು ಓಜೋನ್, ಸೋಡಿಯಂ ಬರೀ ದಲ್ಲಾಳಿ. ನಮ್ಮ ಬರಿಗಣ್ಣಿಗೆ ಈ ಹಳದಿ ನಿಲುಕದು. ಬಾಹ್ಯಾಕಾಶ ನಿಲ್ದಾಣದಿಂದ ತೆಗೆದ ರಾತ್ರಿಯ ಚಿತ್ರಗಳಲ್ಲಿ ಭೂಮಿಯ ಅಂಚಿಗೆ ಸೀರೆಯ ಗೋಟಿನಂತೆ ಕಾಣುವ ತೆಳು ಬೆಳಕಿನಲ್ಲಿ ಹಸಿರು ಆಕ್ಸಿಜನ್ನಿನದು, ಹಳದಿ ಇದರದು.

ಬಹಳ ವರ್ಷ ನಡೆದ ಇನ್ನೊಂದು ಜಗಳ ನನಗೆ ಇಷ್ಟ: ಈ ಸೋಡಿಯಂ ಕಡಲ ಉಪ್ಪಿನದೋ, ಉಲ್ಕೆಯದೋ? ಅಲೆ ಒಡೆದಾಗ ಹಾರುವ ಉಪ್ಪಿನ ಪುಡಿ ಗಾಳಿ ಹಿಡಿದು ಮೇಲೇರಿರಬಹುದು ಎಂದು ಒಂದು ಪಕ್ಷ. ಕೇಳಲು ಸರಿಯೆನಿಸುತ್ತದೆ, ಆದರೆ ಮೋಡದ ಎತ್ತರ ದಾಟುವ ಮೊದಲೇ ಮಳೆ ಅದನ್ನು ತೊಳೆದು ಕೆಳಗಿಳಿಸಿಬಿಡುತ್ತದೆ. 1960ರ ದಶಕದಲ್ಲಿ ಸೋವಿಯತ್ ಮತ್ತು ಅಮೆರಿಕದ ರಾಕೆಟ್‌ಗಳು ಅಳತೆಯ ಯಂತ್ರ ಹೊತ್ತು ಮೇಲೆ ಹೋದಾಗ ಸಿಕ್ಕಿದ್ದು ಬರೀ ಸೋಡಿಯಂ ಅಲ್ಲ, ಕಬ್ಬಿಣ ಮತ್ತು ಮೆಗ್ನೀಸಿಯಮ್ಮಿನ ಅಯಾನುಗಳೂ ರಾಶಿಯಾಗಿದ್ದವು. ಕಬ್ಬಿಣ ಕಡಲಿನಿಂದ ಹಾರಿ ಬರುವ ಸಾಮಾನಲ್ಲ. ಕಲ್ಲಿನಿಂದ ಬಂದದ್ದು ಎನ್ನದೆ ವಿಧಿ ಇರಲಿಲ್ಲ.

ಇದೆಲ್ಲ ಎಷ್ಟಿದೆ? ಸೋಡಿಯಂ ಪದರ ದಟ್ಟವಾಗಿರುವ 90 ಕಿ.ಮೀ. ಎತ್ತರದಲ್ಲಿ ಒಂದು ಘನ ಸೆಂಟಿಮೀಟರಿಗೆ ಕೆಲವೇ ಸಾವಿರ ಪರಮಾಣು. ಸುತ್ತಲಿನ ಗಾಳಿಯ ಅಣುಗಳಿಗೆ ಹೋಲಿಸಿದರೆ ಸಾವಿರ ಕೋಟಿಗೆ ಒಂದು ಎನ್ನುವುದೂ ಹೆಚ್ಚೇ. ನೆಲದ ಒಂದು ಚದರ ಸೆಂಟಿಮೀಟರಿನ ಮೇಲೆ ನೆಟ್ಟಗೆ ನಿಂತ ಕಂಬದಲ್ಲಿ ಎಲ್ಲ ಸೇರಿ ಸುಮಾರು 400 ಕೋಟಿ ಸೋಡಿಯಂ ಪರಮಾಣು. ಅದನ್ನು ಭೂಮಿಯ ವಿಸ್ತೀರ್ಣಕ್ಕೆ ಗುಣಿಸಿ ತೂಕ ಹಾಕಿದೆ. 800 ಕಿಲೋ ಕೂಡ ಆಗಲಿಲ್ಲ! ತಪ್ಪಿದೆನೇನೋ ಎಂದು ಮತ್ತೆ ಗುಣಿಸಿದೆ, ಅಷ್ಟೇ ಬಂತು. ಅಷ್ಟು ಸೋಡಿಯಂ ಬೇಕೆಂದರೆ ಅಡುಗೆ ಉಪ್ಪು ಎರಡು ಟನ್ ಸಾಕು. ಐವತ್ತು ಕಿಲೋದ ನಲವತ್ತು ಚೀಲ. ಒಂದು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಕಿ ಹಡಗಲಿ ಸಂತೆಗೆ ಒಯ್ಯಬಹುದಾದ ಉಪ್ಪು ಇಡೀ ಭೂಮಿಯ ಆಕಾಶಕ್ಕೆ ಹಳದಿ ಗೋಟು ಹಚ್ಚಿದೆ. ಕಬ್ಬಿಣ ಇನ್ನಷ್ಟು ಹೆಚ್ಚು, ಸ್ವಲ್ಪ ಕೆಳಗಿನ ಪದರ. ಅದರ ಲೆಕ್ಕ ಹಾಕಿದರೆ ಐದು ಟನ್ನಿನ ಆಸುಪಾಸು. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಕುಡಿದು ಬೆಳೆದ ಜಿಲ್ಲೆಯವನು ನಾನು. ಜಗತ್ತಿನ ಆಕಾಶದ ಪದರದಲ್ಲಿರುವ ಕಬ್ಬಿಣವೆಲ್ಲ ಸೇರಿದರೂ ಅಂಥ ಒಂದು ಲಾರಿ ತುಂಬುವುದಿಲ್ಲ ಎಂದು ತಿಳಿದಾಗ ನಗು ಬಂತು.

ದಿನಕ್ಕೆ ಹತ್ತಾರು ಟನ್ ಬಂದರೂ ಮೇಲೆ ಇಷ್ಟೇ ಉಳಿಯಲು ಕಾರಣ, ಪರಮಾಣುವಾಗಿ ಅಲ್ಲಿ ನಿಲ್ಲಲು ಜಾಗ ಬಹಳ ಇಕ್ಕಟ್ಟು. 80 ಕಿ.ಮೀ.ಗಿಂತ ಕೆಳಗೆ ಬಂದರೆ ಒಂಟಿ ಆಕ್ಸಿಜನ್ ಕಡಿಮೆ, ಕೈಗಡ ಬಿಡಿಸುವವರಿಲ್ಲ. ಲೋಹ ಆಕ್ಸೈಡಾಗಿ, ಕಾರ್ಬೊನೇಟಾಗಿ ತುಕ್ಕು ಹಿಡಿದಂತೆ ಗಟ್ಟಿಯಾಗಿಬಿಡುತ್ತದೆ. 100 ಕಿ.ಮೀ. ದಾಟಿದರೆ ಎಲೆಕ್ಟ್ರಾನು ಕಳೆದುಕೊಂಡು ಅಯಾನಾಗುತ್ತದೆ.

ಈ ಅಯಾನುಗಳ ಕಥೆಗೆ ತಿರುವನಂತಪುರದ ಹತ್ತಿರದ ತುಂಬಾಕ್ಕೆ ಹೋಗಬೇಕು. 1963ರ ನವೆಂಬರ್ 21ರ ಸಂಜೆ ಅಲ್ಲಿಂದ ಹಾರಿದ ನೈಕ್-ಅಪಾಚೆ, ಭಾರತದ ನೆಲದಿಂದ ಬಾಹ್ಯಾಕಾಶ ಸಂಶೋಧನೆಗೆ ಹೋದ ಮೊದಲ ರಾಕೆಟ್. ಚರ್ಚು, ಸೈಕಲ್ಲು, ವಿಕ್ರಂ ಸಾರಾಭಾಯಿ, ಈ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠ. ಆ ರಾಕೆಟ್ ಹೊತ್ತುಹೋದದ್ದು ಏನು ಎಂದು ಕೇಳಿ ನೋಡಿ, ಹೆಚ್ಚಿನವರು ತಡವರಿಸುತ್ತಾರೆ. ಅದು ಹೊತ್ತದ್ದು ಸೋಡಿಯಂ! ಫ್ರಾನ್ಸಿನ ಜಾಕ್ ಬ್ಲಾಮೋಂ ಕೊಟ್ಟ ಸಾಮಗ್ರಿ. ನೆಲಕ್ಕೆ ಕತ್ತಲು ಕವಿದು, ಮೇಲೆ ಇನ್ನೂ ಬಿಸಿಲಿರುವ ಹೊತ್ತು ನೋಡಿ ಸೋಡಿಯಂ ಆವಿಯನ್ನು ಬಿಟ್ಟರು. ಸೂರ್ಯನ ಬೆಳಕು ಬಿದ್ದು ಕಿತ್ತಳೆ ಬಣ್ಣದ ಮೋಡ ಅರಳಿತು. ಅದು ತಿರುಚಿಕೊಂಡು ಚೆದುರುವ ರೀತಿಯನ್ನು ಫೋಟೊ ತೆಗೆದು ಮೇಲಿನ ಗಾಳಿ ಯಾವ ದಿಕ್ಕಿಗೆ, ಎಷ್ಟು ಜೋರಾಗಿ ಬೀಸುತ್ತಿದೆ ಎಂದು ಅಳೆದರು. ಉಲ್ಕೆಗಳು ಕೋಟ್ಯಂತರ ವರ್ಷದಿಂದ ಮಾಡುತ್ತ ಬಂದದ್ದನ್ನೇ ಒಂದು ಸಂಜೆ ಮನುಷ್ಯರು ಕಣ್ಣಿಗೆ ಕಾಣುವಂತೆ ಮಾಡಿದರು.

ತುಂಬಾವನ್ನು ಆರಿಸಿದ್ದಕ್ಕೆ ಕಾರಣ ಭೂಮಿಯ ಕಾಂತೀಯ ಸಮಭಾಜಕ ರೇಖೆ ಅದರ ಹತ್ತಿರ ಹಾಯುತ್ತದೆ. ಅಲ್ಲಿ ಕಾಂತಬಲದ ಗೆರೆಗಳು ನೆಲಕ್ಕೆ ಸಮನಾಗಿ ಮಲಗಿರುತ್ತವೆ. ಏಕಿನ್ ಮತ್ತು ಗೋಲ್ಡ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿಗಳು ತುಂಬಾದಿಂದಲೇ ರಾಕೆಟ್ ಹಾರಿಸಿ, ಸಮಭಾಜಕದ ಮೇಲಿನ ಲೋಹದ ಅಯಾನುಗಳನ್ನು ಅಳೆದು 1973ರಲ್ಲಿ ಪ್ರಕಟಿಸಿದರು. ಇಲ್ಲಿಯ ವಿಶೇಷವೆಂದರೆ ಕಾರಂಜಿ. ಹಗಲಿನ ವಿದ್ಯುತ್ ಕ್ಷೇತ್ರ ಅಯಾನುಗಳನ್ನು ನೂರು ಕಿ.ಮೀ. ಎತ್ತರದಿಂದ ಇನ್ನೂ ನೂರಾರು ಕಿ.ಮೀ. ಮೇಲಕ್ಕೆ ಎತ್ತುತ್ತದೆ. ಅಲ್ಲಿಂದ ಅವು ಕಾಂತಗೆರೆ ಹಿಡಿದು ಉತ್ತರಕ್ಕೂ ದಕ್ಷಿಣಕ್ಕೂ ಜಾರುತ್ತವೆ. ಉಲ್ಕೆಯೊಂದು ಬಿಟ್ಟ ಕಬ್ಬಿಣ, ಉಲ್ಕೆ ಉರಿದ ಜಾಗಕ್ಕಿಂತ ಎಷ್ಟೋ ಮೇಲೆ ಉಪಗ್ರಹಗಳ ಯಂತ್ರಕ್ಕೆ ಸಿಕ್ಕಿದ್ದು ಹೀಗೆ.

ಲೋಹದ ಅಯಾನು ಗಟ್ಟಿ ಆಯುಷ್ಯದ್ದು. ನೂರು ಕಿ.ಮೀ. ಆಸುಪಾಸಿನಲ್ಲಿ ಸೂರ್ಯ ಹಗಲೆಲ್ಲ ಹುಟ್ಟಿಸುವ ಅಯಾನುಗಳು ಮುಖ್ಯವಾಗಿ ಆಕ್ಸಿಜನ್ ಮತ್ತು ನೈಟ್ರಿಕ್ ಆಕ್ಸೈಡಿನ ಅಣುಗಳು, ಎರಡೆರಡು ಪರಮಾಣುಗಳ ಜೋಡಿ. ಎಲೆಕ್ಟ್ರಾನು ಬಂದು ಸೇರಿದಾಗ ಶಕ್ತಿ ಹೆಚ್ಚಾಗುತ್ತದೆ, ಜೋಡಿ ಮುರಿದು ಎರಡೂ ದೂರ ಚಿಮ್ಮುತ್ತವೆ, ವ್ಯವಹಾರ ಮುಗಿಯಿತು. ಹೊತ್ತು ಮುಳುಗಿದರೆ ಅವು ಬೇಗ ಖಾಲಿ. ಲೋಹದ ಅಯಾನು ಒಂಟಿ. ಹೆಚ್ಚಾದ ಶಕ್ತಿಯನ್ನು ಹಂಚಿಕೊಳ್ಳಲು ಜೋಡಿಯೇ ಇಲ್ಲ, ಎಲೆಕ್ಟ್ರಾನು ಬಂದರೂ ಹಿಡಿದಿಟ್ಟುಕೊಳ್ಳಲಾರದು. ಹಾಗಾಗಿ ರಾತ್ರಿಯೂ ಉಳಿಯುತ್ತದೆ, ದಿನಗಟ್ಟಲೆ ಉಳಿಯುತ್ತದೆ. ಮೇಲಿನ ಗಾಳಿ ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ಬೀಸುವ ಜಾಗದಲ್ಲಿ ಗಾಳಿಯೂ ಕಾಂತಕ್ಷೇತ್ರವೂ ಸೇರಿ ಈ ಅಯಾನುಗಳನ್ನು ಮೊರದಲ್ಲಿ ಕೇರಿದ ನುಚ್ಚಿನಂತೆ ಒಂದು ಗೆರೆಗೆ ತಂದು ಕೂರಿಸುತ್ತವೆ. ಒಂದೆರಡು ಕಿ.ಮೀ. ದಪ್ಪದ, ನೂರಾರು ಕಿ.ಮೀ. ಹರಡಿದ ಹಾಳೆ. ರೇಡಿಯೊ ಅಲೆಗಳನ್ನೂ ಹಿಂದಕ್ಕೆ ಎಸೆಯಬಲ್ಲ ಹಾಳೆ.

ನಮ್ಮ ಮನೆಯ ಹಳೇ ರೇಡಿಯೊದಲ್ಲಿ ಕತ್ತಲಾದ ಮೇಲೆ ಸಿಲೋನ್ ಸ್ಟೇಷನ್ನು ಚೆನ್ನಾಗಿ ಕೇಳುತ್ತಿತ್ತು. ಅದಕ್ಕೂ ಉಲ್ಕೆಯ ಲೋಹಕ್ಕೂ ಗಂಟು ಹಾಕಬೇಡಿ. ಆ ಶಾರ್ಟ್‌ವೇವ್ ಅಲೆಗಳನ್ನು ನಿತ್ಯ ಹಿಂದಕ್ಕೆ ಬಾಗಿಸುತ್ತಿದ್ದದ್ದು ಇನ್ನೂ ಮೇಲಿನ, 200-300 ಕಿ.ಮೀ. ಎತ್ತರದ ಆಕ್ಸಿಜನ್ ಅಯಾನುಗಳು. ಲೋಹದ ಹಾಳೆಯದು ಅಪರೂಪದ ಕೈಚಳಕ. ಸಾಮಾನ್ಯವಾಗಿ ಆಕಾಶ ದಾಟಿ ಹೋಗಿಬಿಡುವ ಎಫ್‌ಎಂ, ಹಳೆಯ ಟಿವಿ ಚಾನೆಲ್ಲುಗಳ ಅಲೆಗಳನ್ನೂ ಅದು ಒಮ್ಮೊಮ್ಮೆ ಹಿಂದಕ್ಕೆ ಎಸೆಯುತ್ತದೆ. ಸಾವಿರ, ಎರಡು ಸಾವಿರ ಕಿ.ಮೀ. ದೂರದ ಸ್ಟೇಷನ್ನು ಅರ್ಧ ಗಂಟೆ ಕೇಳಿ ಮಾಯವಾಗುತ್ತದೆ. ಹ್ಯಾಮ್ ರೇಡಿಯೊದವರಿಗೆ ಅದು ಹಬ್ಬ.

ಸೋಡಿಯಂ ಪದರವನ್ನು ನೆಲದಲ್ಲಿ ಕೂತೇ ಅಳೆಯುವವರೂ ಇದ್ದಾರೆ. ಹಿರೇಹಡಗಲಿಗೆ ಕಾಗೆ ಹಾರಿದಂತೆ 400 ಕಿ.ಮೀ. ದೂರದಲ್ಲಿ, ತಿರುಪತಿ ಹತ್ತಿರದ ಗಾದಂಕಿಯಲ್ಲಿ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯವಿದೆ. ಅಲ್ಲಿ ಹಳದಿ ಲೇಸರನ್ನು ನೆಟ್ಟಗೆ ಮೇಲಕ್ಕೆ ಬಿಟ್ಟು, ಸೋಡಿಯಂ ಪದರಕ್ಕೆ ತಾಗಿ ಮರಳುವ ಬೆಳಕನ್ನು ಎಣಿಸುವ ಲಿಡಾರ್ ಇದೆ. ಸೋಡಿಯಂ ಪರಮಾಣು ತನ್ನ ಬಣ್ಣದ ಬೆಳಕು ಕಂಡರೆ ಸುಮ್ಮನಿರುವುದಿಲ್ಲ, ಹೀರಿ ಮತ್ತೆ ಉಗುಳುತ್ತದೆ. ಸಾವಿರ ಕೋಟಿಗೆ ಒಂದಿದ್ದರೂ ಅದು ನೆಲದಿಂದ ಕಾಣಸಿಗುವುದು ಈ ಗುಣದಿಂದ. ದೊಡ್ಡ ದೂರದರ್ಶಕಗಳಿಗೆ ಇದು ವರವಾಯಿತು. ಗಾಳಿಯ ನಡುಕಕ್ಕೆ ನಕ್ಷತ್ರದ ಚಿತ್ರ ಕದಡುವುದನ್ನು ಸರಿಮಾಡಲು ಪಕ್ಕದಲ್ಲೊಂದು ಉಜ್ವಲ ಚುಕ್ಕೆ ಬೇಕು. ಅದಿಲ್ಲದ ಕಡೆ ಲೇಸರ್ ಹಾಯಿಸಿ ಸೋಡಿಯಂ ಪದರದ ಮೇಲೆ ತಾವೇ ಒಂದು ಹಳದಿ ಚುಕ್ಕೆ ಇಡುತ್ತಾರೆ. 492 ಕನ್ನಡಿ ತುಂಡುಗಳ ಮೂವತ್ತು ಮೀಟರ್ ದೂರದರ್ಶಕಕ್ಕೂ ಇಂಥದೇ ಲೇಸರ್ ಚುಕ್ಕೆಗಳ ಯೋಜನೆ ಇದೆ. ಅದರ ಒಂದಷ್ಟು ಕನ್ನಡಿಗಳನ್ನು ಉಜ್ಜಿ ನಯಗೊಳಿಸುವ ಕೇಂದ್ರ ಇರುವುದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಇನ್ನೊಂದು ನಂಟು ಸೇರಿಸಿಯೇ ಬಿಡುತ್ತೇನೆ. ಚಂದ್ರಯಾನ-2ರ ‘ಕ್ಲಾಸ್’ ಯಂತ್ರ ಚಂದ್ರನ ಮೇಲೆ ಸೋಡಿಯಂ ಎಷ್ಟಿದೆ ಎಂಬುದನ್ನು ನಕ್ಷೆ ಮಾಡಿತೆಂದು 2022ರಲ್ಲಿ ಇಸ್ರೊ ಹೇಳಿತು. ಆ ಯಂತ್ರ ಮಾಡಿದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ.

ಇಲ್ಲಿಯವರೆಗೆ ಹೇಳಿದ್ದು ಉಲ್ಕೆಯ ಬೂದಿ. ಈಗ ನಮ್ಮ ಬೂದಿಯೂ ಸೇರುತ್ತಿದೆ. 2024ರ ಫೆಬ್ರವರಿ 14ರಂದು ಇಸ್ರೊ ತನ್ನ ಹಳೆಯ ಕಾರ್ಟೊಸ್ಯಾಟ್-2 ಉಪಗ್ರಹವನ್ನು ಹಿಂದೂ ಮಹಾಸಾಗರದ ಮೇಲೆ ಉರಿದುಹೋಗುವಂತೆ ಇಳಿಸಿತು. ಹಾರಿದಾಗ ಅದರ ತೂಕ 680 ಕಿಲೋ. ನನ್ನ ನಲವತ್ತು ಚೀಲದ ಲೆಕ್ಕ ನೆನಪಿದೆಯಲ್ಲ? ಇಡೀ ಭೂಮಿಯ ಸೋಡಿಯಂ ಪದರದಷ್ಟೇ ಹೆಚ್ಚುಕಡಿಮೆ ತೂಕ, ಒಂದೇ ಉಪಗ್ರಹದಲ್ಲಿ. ಕಕ್ಷೆಯಲ್ಲಿ ಕಸ ಬಿಡದೆ ಇಳಿಸಿದ್ದು ಒಳ್ಳೆಯ ನಡತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಟರ್ನೆಟ್ಟಿಗೆಂದು ಸಾವಿರಾರು ಉಪಗ್ರಹಗಳನ್ನು ಏರಿಸಿ ಕೆಲವೇ ವರ್ಷಕ್ಕೆ ಉರಿಸಿ ಹೊಸದನ್ನು ಕಳಿಸುವುದೇ ರೂಢಿಯಾದರೆ? 2023ರಲ್ಲಿ ಅಮೆರಿಕದ ವಿಜ್ಞಾನಿಗಳು ವಿಮಾನದಲ್ಲಿ ವಾಯುಮಂಡಲದ ಎರಡನೇ ಅಂತಸ್ತಿಗೆ ಹೋಗಿ ಅಲ್ಲೇ ಪರೀಕ್ಷಿಸಿದ ಗಂಧಕಾಮ್ಲದ ಕಣಗಳಲ್ಲಿ, ದೊಡ್ಡವುಗಳ ಪೈಕಿ ಸುಮಾರು ನೂರಕ್ಕೆ ಹತ್ತರಲ್ಲಿ ಉಪಗ್ರಹ, ರಾಕೆಟ್‌ಗಳ ಲೋಹ ಇತ್ತೆಂದು ವರದಿ ಮಾಡಿದರು. ಲಿಥಿಯಂ, ಅಲ್ಯೂಮಿನಿಯಂ, ತಾಮ್ರ, ಸೀಸ, ಈ ನಾಲ್ಕರಲ್ಲಿ ಉಲ್ಕೆಗಿಂತ ನಮ್ಮ ಪಾಲೇ ಹೆಚ್ಚು. 2025ರ ಫೆಬ್ರವರಿಯಲ್ಲಿ ಫಾಲ್ಕನ್-9 ರಾಕೆಟ್ಟಿನ ಭಾಗವೊಂದು ಯುರೋಪಿನ ಮೇಲೆ ಉರಿದ ಮರುದಿನ ಜರ್ಮನಿಯ ಲಿಡಾರ್ ಒಂದಕ್ಕೆ 96 ಕಿ.ಮೀ. ಎತ್ತರದಲ್ಲಿ ಲಿಥಿಯಂ ಎಂದಿಗಿಂತ ಹತ್ತು ಪಟ್ಟು ಕಂಡಿತು. ಇದರಿಂದ ಓಜೋನಿಗೆ ಏನಾಗುತ್ತದೆ ಎಂದು ಈಗಷ್ಟೇ ಲೆಕ್ಕ ಶುರುವಾಗಿದೆ. ಲೆಕ್ಕಕ್ಕಿಂತ ಮೊದಲೇ ಲಾರಿ ಹೊರಡಿಸುವುದು ಹೇಗಿರುತ್ತದೆಂದು ಬಳ್ಳಾರಿ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ತಾಮ್ರ ಎಂದಾಗ ನೆನಪಾಯಿತು. ಹಿರೇಹಡಗಲಿ ಎಂದರೆ ಊರವರಿಗೆ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ, ಇತಿಹಾಸ ಓದಿದವರಿಗೆ ತಾಮ್ರಪಟ. ಪಲ್ಲವ ದೊರೆ ಶಿವಸ್ಕಂದವರ್ಮ ತನ್ನ ಎಂಟನೆಯ ಆಳ್ವಿಕೆ ವರ್ಷದಲ್ಲಿ ಪ್ರಾಕೃತದಲ್ಲಿ ಬರೆಸಿದ ದಾನಪತ್ರ. ನಾಲ್ಕನೇ ಶತಮಾನದ್ದೆಂದು ವಿದ್ವಾಂಸರ ಎಣಿಕೆ. ಬ್ಯೂಲರ್ ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದಲ್ಲಿ ಅಚ್ಚು ಹಾಕಿಸಿದ. ಚಂದ್ರ ಸೂರ್ಯರಿರುವವರೆಗೆ ಬಾಳಲಿ ಎಂದು ಹಳಬರು ದಾನವನ್ನು ತಾಮ್ರದಲ್ಲಿ ಬರೆದು ನೆಲದಲ್ಲಿ ಜೋಪಾನ ಮಾಡಿದರು. ನಮ್ಮ ಕಾಲದ ತಾಮ್ರ ಮೇಲೇರಿ, ಐದಾರು ವರ್ಷ ಸುತ್ತಿ, ಗಾಳಿಗೆ ಪುಡಿಯಾಗಿ ಬರುತ್ತಿದೆ. ಎಲ್ಲವೂ ಪುಡಿಯಾಗಿಯೇ ಬರುತ್ತದೆ ಎಂದೂ ಇಲ್ಲ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಹಳ್ಳಿಯಲ್ಲಿ ಆಳುದ್ದ ಮೀರಿದ ಲೋಹದ ಬಳೆಯೇ ಬಂದು ಬಿತ್ತು. ಚೀನಾದ ರಾಕೆಟ್ಟಿನದೆಂದು ತಜ್ಞರು ಗುರುತಿಸಿದರು.

ಹಾಗಾದರೆ ಬೂದಿ ನೆಲ ಮುಟ್ಟುತ್ತದೋ? ಮುಟ್ಟುತ್ತದೆ. ಆಕ್ಸೈಡಾದ ಲೋಹ ಒಂದಕ್ಕೊಂದು ಅಂಟಿ ಹೊಗೆಯ ಕಣಗಳಂತೆ ಸಣ್ಣ ಉಂಡೆಯಾಗುತ್ತದೆ, ಮೇಲಿನ ಗಾಳಿ ಅದನ್ನು ಧ್ರುವಗಳ ಕಡೆ ಒಯ್ಯುತ್ತದೆ, ಅಲ್ಲಿಂದ ಇಳಿದು ವರ್ಷಗಳ ಮೇಲೆ ಹಿಮ, ಮಳೆಯೊಡನೆ ನೆಲಕ್ಕೆ ಬೀಳುತ್ತದೆ. ನಮ್ಮ ಪಾಲಿಗೆ ಬರುವುದು ಕಡಿಮೆಯೇ. ಆದರೂ ಎಲ್ಲ ಕಡೆ ಸಮನಾಗಿ ಹಂಚಿದರೆ ಎಷ್ಟಾದೀತೆಂದು, ದಿನಕ್ಕೆ ನಲವತ್ತು ಟನ್ ಧೂಳು ಎಂದಿಟ್ಟುಕೊಂಡು ಎಕರೆ ಲೆಕ್ಕಕ್ಕೆ ಇಳಿಸಿದೆ. ವರ್ಷಕ್ಕೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಚಿಟಿಕೆ ಉಪ್ಪಿಗಿಂತ ಕಡಿಮೆ.

ಮತ್ತೊಂದು ರಾತ್ರಿ ಪಾಳಿಗೆ ಈ ಲೆಕ್ಕ ಹೊತ್ತು ದೊಡ್ಡಪ್ಪನ ಹತ್ತಿರ ಹೋದೆ. ಮಲ್ಲಿಗೆ ತೋಟಕ್ಕೆ ನೀರು ಬಿಟ್ಟಿದ್ದ. ಬೂದಿ ಬೀಳ್ತದ ದೊಡ್ಡಪ್ಪ, ಎಕರೆಗೆ ವರ್ಷಕ್ಕ ಇಷ್ಟು ಎಂದು ಎರಡು ಬೆರಳು ಕೂಡಿಸಿ ತೋರಿಸಿದೆ. ಅವನು ನನ್ನ ಬೆರಳಿಗೆ ಟಾರ್ಚು ಹಾಯಿಸಿ ನೋಡಿದ.

‘ಹಂಗಾದ್ರ ಗೊಬ್ಬರದ ಚೀಲ ತರೋದು ತಪ್ಪಲಿಲ್ಲ ಬಿಡು,’ ಅಂದ. ಆಮೇಲೆ ಮಡಿ ತುಂಬಿತೆಂದು ಸಲಿಕೆ ತಗೊಂಡು ಎದ್ದ.